ಗೊಬ್ಬರದ ಗುಂಡಿಯಲ್ಲಿ ಹಾವಿನ ಮೊಟ್ಟೆ, ಗೊತ್ತಿದ್ದವರು ಹೇಳಿ
ನಮ್ಮದು ತೀರ್ಥಹಳ್ಳಿ ಕಡೆ. ತಿಂಗಳ ಹಿಂದೆ ಹಳೇ ಗೊಬ್ಬರ ಕೆದಕುವಾಗ 14 ಬಿಳಿ ಮೊಟ್ಟೆ ಸಿಕ್ಕವು. ಉದ್ದುದ್ದ, ಚರ್ಮದ ಹಾಗೆ ಮೆತ್ತಗೆ, ಒಂದಕ್ಕೊಂದು ಅಂಟಿಕೊಂಡಿವೆ. ಹಲ್ಲಿಯದಂತೂ ಅಲ್ಲ, ಅದರ ಮೊಟ್ಟೆ ಗುಂಡಗೆ, ಚಿಪ್ಪು ಗಟ್ಟಿ ಅಲ್ವಾ. ಹೊರಳಿಸಿದರೆ ಒಳಗಿನ ಮರಿ ಸಾಯಬಹುದು ಎಂದು ಮುಟ್ಟದೆ ಮತ್ತೆ ಗೊಬ್ಬರ ಮುಚ್ಚಿದೆ.

ಅಪ್ಪ ಕೇರೆಹಾವಿನದು ಅನ್ನುತ್ತಾರೆ. ಪಕ್ಕದ ಮನೆಯವರು ನಾಗರದ್ದೇ ಎಂದು ಹಾಲು ಇಟ್ಟು ಹೋದರು, ಬೆಕ್ಕು ಕುಡಿಯಿತು! ತಾಯಿ ಹಾವು ಒಮ್ಮೆಯೂ ಕಂಡಿಲ್ಲ.

ನಿನ್ನೆ ನೋಡಿದರೆ ನಾಲ್ಕೈದು ಮೊಟ್ಟೆ ತಗ್ಗು ಬಿದ್ದಿವೆ. ಸೀಳು ಇಲ್ಲ, ಕೆಟ್ಟ ವಾಸನೆಯೂ ಇಲ್ಲ. ಮರಿ ಬರುವ ಮೊದಲೂ ಹೀಗೆ ಕುಗ್ಗುತ್ತದೆ, ತೇವ ಆರಿದರೂ ಕುಗ್ಗುತ್ತದೆ. ಇದು ಯಾವುದು ಎಂದು ಹೇಗೆ ಗುರುತಿಸುವುದು? ಸುತ್ತಲಿನ ಗೊಬ್ಬರಕ್ಕೆ ನೀರು ಚಿಮುಕಿಸಲಾ, ಸುಮ್ನೆ ಬಿಡಲಾ?