ಓಡಿ ಬಂದ ಮೇಲೆ ತಿನ್ನಲು ಯಾರ ಅಪ್ಪಣೆ ಬೇಕು?

(ಮನೆಯವರ ವಾಟ್ಸಾಪ್ ಗುಂಪು)

ದೊಡ್ಡಪ್ಪ (ಫಾರ್ವರ್ಡ್ ಆದ ಸಂದೇಶ): ವ್ಯಾಯಾಮ ಮುಗಿದ ಮೇಲೆ ಎರಡು ಗಂಟೆಗಳ ಕಾಲ ಬ್ರೆಡ್, ಹಣ್ಣು, ಸಕ್ಕರೆ ಹೀಗೆ ಯಾವ ಕಾರ್ಬೋಹೈಡ್ರೇಟನ್ನೂ ಮುಟ್ಟಬೇಡಿ. ಆ ಎರಡು ಗಂಟೆಗಳಲ್ಲಿ ದೇಹವು ಕೊಬ್ಬನ್ನು ಕರಗಿಸುತ್ತಲೇ ಇರುತ್ತದೆ. ಬಾಯಿಗೆ ಹಾಕಿಕೊಂಡಿರೋ, ಪಟ್ಟ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ನಿಮ್ಮವರೆಲ್ಲರಿಗೂ ಕಳುಹಿಸಿ.

ದೊಡ್ಡಪ್ಪ: ನಮ್ಮಲ್ಲಿ ನಡೆಯುವವರು, ಓಡುವವರು, ಜಿಮ್‌ಗೆ ಹೋಗುವವರು ಎಲ್ಲರೂ ಇದ್ದಾರೆ. ಉಪಯೋಗವಾದೀತೆಂದು ಹಾಕಿದ್ದೇನೆ.

ಅತ್ತೆ: ಒಳ್ಳೆಯ ಮಾಹಿತಿ ಅಣ್ಣ. ನಾನು ನಡೆದು ಬಂದ ಕೂಡಲೇ ತಿಂಡಿಗೆ ಕೂರುತ್ತಿದ್ದೆ. ನಾಳೆಯಿಂದ ತಡ ಮಾಡುತ್ತೇನೆ.

ನಾನು: ದೊಡ್ಡಪ್ಪ, ದಯವಿಟ್ಟು ಈ ಸಂದೇಶವನ್ನು ಗುಂಪಿನಿಂದ ತೆಗೆಯಿರಿ. ನಾನು ಈಟಿಂಗ್ ಡಿಸಾರ್ಡರ್‌ನಿಂದ, ಅಂದರೆ ತಿನ್ನುವುದಕ್ಕೇ ಹೆದರಿಸುವ ಮನಸ್ಸಿನ ಕಾಯಿಲೆಯಿಂದ, ಚೇತರಿಸಿಕೊಳ್ಳುತ್ತಿರುವುದು ಇಲ್ಲಿರುವ ಎಲ್ಲರಿಗೂ ಗೊತ್ತು. ನನಗೆ ಮತ್ತೆ ಓಡಲು ಅನುಮತಿ ಸಿಕ್ಕಿರುವುದೇ ಓಡಿ ಬಂದ ಮೇಲೆ ತಿನ್ನಬೇಕೆಂಬ ಷರತ್ತಿನ ಮೇಲೆ, ಮತ್ತು ಆ ತಿನಿಸಿನಲ್ಲಿ ಕಾರ್ಬೋಹೈಡ್ರೇಟ್ ಇರಲೇಬೇಕೆಂದು ನನ್ನ ಡಯಟೀಷಿಯನ್ ಸ್ಪಷ್ಟವಾಗಿ ಬರೆದುಕೊಟ್ಟಿದ್ದಾರೆ. ಈ ಸಂದೇಶ ಅದಕ್ಕೆ ನೇರ ವಿರುದ್ಧವಾಗಿದೆ.

ದೊಡ್ಡಪ್ಪ: ಮಗಳೇ, ಇದನ್ನು ನಿನ್ನನ್ನು ಉದ್ದೇಶಿಸಿ ಹಾಕಿಲ್ಲ. ನನಗೆ ಸಕ್ಕರೆ ಕಾಯಿಲೆ ಇದೆ, ಕಾರ್ಬ್ ಕಡಿಮೆ ಮಾಡಿ ಎಂದು ನನ್ನ ಡಾಕ್ಟರೇ ಹೇಳಿದ್ದಾರೆ. ನಿನಗೆ ಹೊಂದದಿದ್ದರೆ ನೀನು ಓದದೆ ಬಿಟ್ಟುಬಿಡಬಹುದಲ್ಲವೇ? ಒಬ್ಬರಿಗೆ ಒಗ್ಗುವುದಿಲ್ಲವೆಂದು ಆರೋಗ್ಯದ ವಿಷಯವನ್ನೇ ಮನೆಯಲ್ಲಿ ಎತ್ತಬಾರದೆಂದರೆ ಹೇಗೆ?

ನಾನು: ಓದದೆ ಬಿಡುವುದು ಸಾಧ್ಯವಾಗಿದ್ದರೆ ಅದು ಕಾಯಿಲೆಯೇ ಆಗಿರುತ್ತಿರಲಿಲ್ಲ, ದೊಡ್ಡಪ್ಪ. ಇವತ್ತು ಬೆಳಿಗ್ಗೆ ಓಡಿ ಬಂದು, ಷೂ ಬಿಚ್ಚುವ ಮೊದಲೇ ಬಾಳೆಹಣ್ಣನ್ನು ಕೈಗೆ ತೆಗೆದುಕೊಂಡು, ಅರ್ಧ ಸಿಪ್ಪೆ ಸುಲಿದಿದ್ದಾಗ ಫೋನ್ ಸದ್ದು ಮಾಡಿತು. ಓದಿ ಮುಗಿಸುವಷ್ಟರಲ್ಲಿ ತಲೆಯೊಳಗೆ ಚೌಕಾಸಿ ಶುರುವಾಗಿತ್ತು: ಈಗ ಬೇಡ, ಸ್ನಾನ ಮಾಡಿ ತಿಂದರಾಯಿತು, ಸ್ನಾನವಾದ ಮೇಲೆ, ಹೇಗೂ ಇಷ್ಟು ಹೊತ್ತಾಯಿತಲ್ಲ, ಊಟಕ್ಕೇ ಸೇರಿಸಿಕೊಂಡರಾಯಿತು, ಊಟದ ಹೊತ್ತಿಗೆ, ಬೆಳಗಿನಿಂದ ಇಷ್ಟು ಚೆನ್ನಾಗಿ ತಡೆದುಕೊಂಡವಳು ಈಗೇಕೆ ಹಾಳು ಮಾಡಿಕೊಳ್ಳಬೇಕು. ನಾನು ಹಣ್ಣನ್ನು ತಿಂದೆ, ಆಮೇಲೆ ಬ್ರೆಡ್ಡನ್ನೂ ತಿಂದೆ. ಆದರೆ ಎಂದೂ ಆ ಚೌಕಾಸಿಗೆ ಬೀಳದವರಿಗೆ ಅದರ ಕಷ್ಟ ಅಂದಾಜಾಗುವುದಿಲ್ಲ. ನಿಮಗೆ ಅದು ಒಂದು ಸಲಹೆ. ನನ್ನ ಕಾಯಿಲೆಗೆ ಅದು ಹಿರಿಯರೇ ಕೊಟ್ಟ ಅಪ್ಪಣೆ.

ಭಾವ: ಮಾವ, ನಾನು ಮಧ್ಯೆ ಬರುತ್ತಿರುವುದಕ್ಕೆ ಕ್ಷಮಿಸಿ. ಕಾಯಿಲೆಯ ಮಾತು ಪಕ್ಕಕ್ಕಿರಲಿ, ಆರೋಗ್ಯವಂತರಿಗೂ ಈ ಸಂದೇಶ ಸರಿಯಿಲ್ಲ. ನಾವು ಓಡುವಾಗ ಸ್ನಾಯುಗಳು ತಮ್ಮಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಕಾರ್ಬೋಹೈಡ್ರೇಟನ್ನು ಖರ್ಚು ಮಾಡುತ್ತವೆ, ಅದನ್ನು ತುಂಬಿಕೊಳ್ಳಲು ವ್ಯಾಯಾಮ ಮುಗಿದ ಕೂಡಲೇ ಹಾತೊರೆಯುತ್ತವೆ. ಬರ್ಗ್‌ಸ್ಟ್ರೋಮ್ ಮತ್ತು ಹಲ್ಟ್‌ಮನ್ ಎಂಬ ಸ್ವೀಡನ್ನಿನ ಇಬ್ಬರು ಸಂಶೋಧಕರು 1966ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನನಗೆ ಬಹಳ ಇಷ್ಟ. ಅವರೇ ಒಂದು ಸೈಕಲ್ಲಿನ ಎರಡು ಬದಿಗೆ ಕುಳಿತು, ಒಬ್ಬೊಬ್ಬರು ಒಂದೊಂದೇ ಕಾಲಿನಿಂದ ಸುಸ್ತಾಗುವವರೆಗೆ ಪೆಡಲ್ ತುಳಿದು, ಆಮೇಲೆ ಮೂರು ದಿನ ಕಾರ್ಬೋಹೈಡ್ರೇಟ್ ಹೆಚ್ಚಿರುವ ಆಹಾರ ತಿಂದು, ಸೂಜಿಯಿಂದ ಎರಡೂ ತೊಡೆಗಳ ಸ್ನಾಯುವಿನ ಚೂರು ತೆಗೆದು ನೋಡಿದರು. ದುಡಿದ ಕಾಲಿನಲ್ಲಿ ಗ್ಲೈಕೋಜನ್ ಸುಮ್ಮನಿದ್ದ ಕಾಲಿಗಿಂತ ಸುಮಾರು ಎರಡು ಪಟ್ಟು ಆಗಿತ್ತು. ಒಂದೇ ದೇಹ, ಒಂದೇ ಊಟ, ಆದರೆ ದುಡಿದ ಸ್ನಾಯುವೇ ಅದನ್ನು ಎಳೆದುಕೊಂಡಿತು. ಆದ್ದರಿಂದ ಅರ್ಧ ಗಂಟೆಯೊಳಗೆ ತಿನ್ನಲೇಬೇಕು, ಇಲ್ಲದಿದ್ದರೆ ಆ ಅವಕಾಶ ತಪ್ಪಿಹೋಗುತ್ತದೆ ಎಂದು ನಮ್ಮ ಜಿಮ್‌ನಲ್ಲಿ ಹೇಳುತ್ತಾರೆ.

ನಾನು: ಭಾವ, ನಿಮ್ಮ ಬೆಂಬಲಕ್ಕೆ ಕೃತಜ್ಞಳಾಗಿದ್ದೇನೆ, ಆದರೆ ಕೊನೆಯ ವಾಕ್ಯವನ್ನು ನಾನು ಒಪ್ಪುವುದಿಲ್ಲ. ದೊಡ್ಡಪ್ಪನ ಸಂದೇಶ ಎರಡು ಗಂಟೆ ತಿನ್ನಬೇಡ ಎನ್ನುತ್ತದೆ, ನಿಮ್ಮ ಜಿಮ್ ಅರ್ಧ ಗಂಟೆ ದಾಟಿದರೆ ತಿಂದೂ ಪ್ರಯೋಜನವಿಲ್ಲ ಎನ್ನುತ್ತದೆ. ನನ್ನ ಕಾಯಿಲೆ ಎರಡನ್ನೂ ಬಳಸಿಕೊಳ್ಳುತ್ತದೆ. ಯಾವುದೋ ಕಾರಣಕ್ಕೆ ತಿನ್ನುವುದು ಮುಕ್ಕಾಲು ಗಂಟೆಯಾದರೆ, ಹೇಗೂ ಹೊತ್ತು ಮೀರಿತಲ್ಲ, ಇನ್ನೇಕೆ ಎಂದು ಅದೇ ತಲೆ ಹೇಳುತ್ತದೆ. ತಡವಾದರೂ ತಿನ್ನಲೇಬೇಕು ಎಂಬುದೇ ನನಗೆ ಬೇಕಾದ ಮಾತು.

ಅಕ್ಕ: ಅವಳು ಹೇಳಿದ್ದು ಸರಿ. ಡಯಟೀಷಿಯನ್ ಆಗಿ ಹೇಳುತ್ತಿದ್ದೇನೆ, ದಯವಿಟ್ಟು ಎಲ್ಲರೂ ಪೂರ್ತಿ ಓದಿ. ವ್ಯಾಯಾಮದ ನಂತರದ ಮೊದಲ ಕೆಲವು ಗಂಟೆಗಳಲ್ಲಿ ಗ್ಲೈಕೋಜನ್ ಬೇಗ ತುಂಬುತ್ತದೆ ಎಂಬುದು ನಿಜ, ಏಕೆಂದರೆ ದುಡಿದ ಸ್ನಾಯು ಇನ್ಸುಲಿನ್‌ನ ಹೆಚ್ಚಿನ ನೆರವಿಲ್ಲದೆಯೇ ರಕ್ತದಿಂದ ಗ್ಲೂಕೋಸನ್ನು ಒಳಗೆ ಎಳೆದುಕೊಳ್ಳಬಲ್ಲದು. ಅದೇ ದಿನ ಮತ್ತೊಮ್ಮೆ ಸ್ಪರ್ಧೆಗೆ ಇಳಿಯುವ ಕ್ರೀಡಾಪಟುವಿಗೆ ಆ ವೇಗ ಮುಖ್ಯ. ನಾಳೆ ಬೆಳಿಗ್ಗೆ ಮತ್ತೆ ಓಡುವವರಿಗೆ ದಿನವಿಡೀ ಒಟ್ಟು ಎಷ್ಟು ತಿಂದರು ಎಂಬುದೇ ಮುಖ್ಯವಾಗುತ್ತದೆ, ಗಡಿಯಾರ ಅಷ್ಟು ಮುಖ್ಯವಲ್ಲ. ದೊಡ್ಡಪ್ಪನ ಸಂದೇಶದಲ್ಲಿಯೂ ಒಂದು ಎಳೆಯಷ್ಟು ಸತ್ಯವಿದೆ. ಕಾರ್ಬೋಹೈಡ್ರೇಟ್ ತಿಂದಾಗ ಆ ಹೊತ್ತಿಗೆ ಕೊಬ್ಬಿನ ಬಳಕೆ ಕಡಿಮೆಯಾಗುತ್ತದೆ. ಆದರೆ ಅದನ್ನೇ ಹಿಡಿದುಕೊಂಡು ಶ್ರಮವೆಲ್ಲ ವ್ಯರ್ಥ ಎನ್ನುವುದು ಶುದ್ಧ ತಪ್ಪು.

ಈಟಿಂಗ್ ಡಿಸಾರ್ಡರ್‌ನಿಂದ ಹೊರಬರುತ್ತಿರುವವರ ವಿಷಯವೇ ಬೇರೆ. ಅಲ್ಲಿ ಪ್ರಶ್ನೆ ಒಂದು ಓಟದ್ದಲ್ಲ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕೊರತೆಯಲ್ಲಿ ಬದುಕಿದ ದೇಹವು ಹೃದಯ, ಮೂಳೆ, ಹಾರ್ಮೋನುಗಳು ಎಲ್ಲವನ್ನೂ ದುರಸ್ತಿ ಮಾಡಿಕೊಳ್ಳುತ್ತಿರುತ್ತದೆ, ಮತ್ತು ವ್ಯಾಯಾಮ ಅದೇ ಬೊಕ್ಕಸದಿಂದ ಮತ್ತಷ್ಟು ತೆಗೆಯುತ್ತದೆ. ತಿಂದದ್ದರಲ್ಲಿ ವ್ಯಾಯಾಮಕ್ಕೆ ಹೋಗಿ ಉಳಿದದ್ದು ದೇಹದ ನಿತ್ಯದ ಕೆಲಸಕ್ಕೆ ಸಾಲದಿದ್ದರೆ ಏನಾಗುತ್ತದೆ ಎಂಬುದನ್ನು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು 2014ರಲ್ಲಿ ಹೆಸರು ಕೊಟ್ಟು ವಿವರಿಸಿತು. ಅದು ಹೆಂಗಸರಿಗೂ ಗಂಡಸರಿಗೂ ಆಗುವಂಥದ್ದು. 2023ರ ಪರಿಷ್ಕರಣೆಯಲ್ಲಿ, ಒಟ್ಟು ಆಹಾರ ಮಾತ್ರವಲ್ಲ, ಕಾರ್ಬೋಹೈಡ್ರೇಟ್ ಕಡಿಮೆಯಾಗುವುದೂ ಆ ಹಾನಿಯನ್ನು ಹೆಚ್ಚಿಸಬಹುದು ಎಂದು ವಿಶೇಷವಾಗಿ ಎತ್ತಿ ಹೇಳಿದರು. ಮುಟ್ಟು ನಿಲ್ಲುವುದು, ಮೂಳೆ ಸವೆಯುವುದು, ಮತ್ತೆ ಮತ್ತೆ ಮೂಳೆಯಲ್ಲಿ ಸಣ್ಣ ಬಿರುಕು ಬರುವುದು ಇವೆಲ್ಲ ಹೊರಗೆ ಕಾಣಿಸುವಷ್ಟರಲ್ಲಿ ತಡವಾಗಿರುತ್ತದೆ.

ಅತ್ತೆ: ಹಸಿವಾದರೆ ಅವಳೇ ತಿನ್ನುತ್ತಾಳಲ್ಲವೇ? ದೇಹಕ್ಕೆ ಬೇಕಾದದ್ದನ್ನು ದೇಹವೇ ಕೇಳುತ್ತದೆ ಎಂದು ನಾವು ನಂಬಿ ಬೆಳೆದವರು.

ಅಕ್ಕ: ಅತ್ತೆ, ಈ ಕಾಯಿಲೆಯಲ್ಲಿ ಆ ನಂಬಿಕೆಯೇ ಮೋಸ ಮಾಡುತ್ತದೆ. ಬಿರುಸಾದ ವ್ಯಾಯಾಮವಾದ ಮೇಲೆ ಸ್ವಲ್ಪ ಹೊತ್ತು ಯಾರಿಗೇ ಆದರೂ ಹಸಿವು ಅಡಗಿರುತ್ತದೆ, ಏಕೆಂದರೆ ಹಸಿವನ್ನು ಎಬ್ಬಿಸುವ ಹಾರ್ಮೋನು ಆಗ ಇಳಿದಿರುತ್ತದೆ. ದೀರ್ಘಕಾಲ ಹಸಿವನ್ನು ಅದುಮಿಟ್ಟವರಲ್ಲಿ ಹಸಿವಿನ ಸೂಚನೆಗಳೇ ಏರುಪೇರಾಗಿರುತ್ತವೆ. ಅದಕ್ಕಾಗಿಯೇ ಚಿಕಿತ್ಸೆಯಲ್ಲಿ ಹಸಿವನ್ನು ಕಾಯದೆ ಹೊತ್ತಿಗೆ ಸರಿಯಾಗಿ ತಿನ್ನಿಸುತ್ತಾರೆ: ದಿನಕ್ಕೆ ಮೂರು ಊಟ, ನಡುವೆ ಎರಡು ಮೂರು ಸಣ್ಣ ತಿಂಡಿ, ಒಂದಕ್ಕೂ ಇನ್ನೊಂದಕ್ಕೂ ಸುಮಾರು ನಾಲ್ಕು ಗಂಟೆಗಿಂತ ಹೆಚ್ಚು ಅಂತರವಿಲ್ಲ. ಎರಡು ಗಂಟೆ ತಡೆಯಿರಿ ಎಂಬ ಸಂದೇಶವು ಮುರಿಯುವುದು ಈ ಸರಪಳಿಯನ್ನೇ. ತಡೆದು ತಡೆದು ಕೊನೆಗೆ ಒಮ್ಮೆಲೇ ವಿಪರೀತ ತಿನ್ನುವುದು, ತಿಂದೆನಲ್ಲ ಎಂಬ ಭಯಕ್ಕೆ ಮತ್ತೆ ಓಡುವುದು ಅಥವಾ ಉಪವಾಸ ಮಾಡುವುದು, ಈ ಸುತ್ತು ಎಷ್ಟೋ ಜನರಲ್ಲಿ ಹೀಗೆಯೇ ಶುರುವಾಗುತ್ತದೆ.

ದೊಡ್ಡಪ್ಪ: ನಾನು ಒರಟಾಗಿ ಕೇಳುತ್ತಿದ್ದೇನೆಂದು ತಿಳಿಯಬೇಡಿ. ಇದು ಮನಸ್ಸಿನ ಗಟ್ಟಿತನದ ಪ್ರಶ್ನೆ ಅಲ್ಲವೇ? ತಿನ್ನುವುದೋ ಬಿಡುವುದೋ ಎಂಬುದು ಕೊನೆಗೆ ಅವರವರ ಕೈಯಲ್ಲೇ ಇರುತ್ತದಲ್ಲ.

ನಾನು: ದೊಡ್ಡಪ್ಪ, ಈ ಕಾಯಿಲೆಯಲ್ಲಿ ಗಟ್ಟಿತನಕ್ಕೆ ಕೊರತೆಯಿಲ್ಲ, ಅದು ತಪ್ಪು ಕಡೆಗೆ ದುಡಿಯುತ್ತಿರುತ್ತದೆ. ಮಳೆಯಲ್ಲಿ, ಜ್ವರದಲ್ಲಿ, ಕಾಲು ನೋವಿನಲ್ಲಿ ಓಡುತ್ತಿದ್ದವಳು ನಾನು, ಮತ್ತು ಆಗ ನೀವೆಲ್ಲರೂ ನನ್ನ ಶಿಸ್ತನ್ನು ಹೊಗಳುತ್ತಿದ್ದಿರಿ. ಓಡಿದರೆ ಮಾತ್ರ ತಿನ್ನುವ ಹಕ್ಕು, ಓಡದ ದಿನ ತಿನ್ನುವುದು ಅಪರಾಧ ಎಂಬ ಲೆಕ್ಕದಲ್ಲಿ ನಾನು ಬದುಕಿದ್ದೆ. ಈಗ ಕಲಿಯುತ್ತಿರುವುದು ಅದರ ತಿರುಗುಮುರುಗು: ತಿನ್ನುವುದು ಮೊದಲೇ ನಿಶ್ಚಯವಾಗಿರುತ್ತದೆ, ಓಟ ಅದರ ಮೇಲೆ ನಿಂತಿರುತ್ತದೆ. ತಿನ್ನಲಾಗದಿದ್ದರೆ ಓಟ ನಿಲ್ಲುತ್ತದೆ. ಓಡದ ದಿನವೂ ತಟ್ಟೆ ಅಷ್ಟೇ ತುಂಬಿರುತ್ತದೆ.

ಅಕ್ಕ: ದೊಡ್ಡಪ್ಪ, ಮನಸ್ಸಿಗೂ ಹಸಿವಿಗೂ ಇರುವ ನಂಟಿಗೆ ಒಂದು ಹಳೆಯ ನಿದರ್ಶನವಿದೆ. 1944ರ ಕೊನೆಯಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರನ್ನು ಅವರ ಒಪ್ಪಿಗೆಯಿಂದಲೇ ಅಧ್ಯಯನಕ್ಕೆ ತೆಗೆದುಕೊಂಡು, ಆರು ತಿಂಗಳ ಕಾಲ ಅರೆಹೊಟ್ಟೆಯಲ್ಲಿಟ್ಟು, ವಾರಕ್ಕೆ ಸುಮಾರು 35 ಕಿಲೋಮೀಟರ್ ನಡೆಸಿದರು. ಮೊದಲು ಮನಸ್ಸಿನಲ್ಲಿ ಯಾವ ತೊಂದರೆಯೂ ಇಲ್ಲದವರೆಂದು ಪರೀಕ್ಷಿಸಿ ಆರಿಸಿದ್ದ ಆ ಹುಡುಗರು ಹಗಲಿರುಳು ಊಟದ ಬಗ್ಗೆಯೇ ಯೋಚಿಸತೊಡಗಿದರು, ಅಡುಗೆ ವಿಧಾನಗಳನ್ನು ಕೂಡಿಹಾಕಿದರು, ತಟ್ಟೆಯಲ್ಲಿದ್ದುದನ್ನು ಗಂಟೆಗಟ್ಟಲೆ ಎಳೆದಾಡಿದರು, ಸಿಡುಕರಾದರು, ಖಿನ್ನರಾದರು. ಮತ್ತೆ ಊಟ ಕೊಡಲು ಶುರುಮಾಡಿದಾಗ ಸ್ವಲ್ಪ ಸ್ವಲ್ಪವೇ ಏರಿಸಿದ್ದು ಸಾಲಲಿಲ್ಲ, ಸಾಕಷ್ಟು ಹೆಚ್ಚು ಕೊಟ್ಟ ಮೇಲೆಯೇ ಅವರು ಚೇತರಿಸಿಕೊಳ್ಳತೊಡಗಿದರು. ನಾವು ಸ್ವಭಾವವೆಂದು, ಹಟವೆಂದು ಅಂದುಕೊಳ್ಳುವ ಎಷ್ಟೋ ವರ್ತನೆ ಹಸಿದ ಮಿದುಳಿನದು. ಮಿದುಳು ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬಳಸುತ್ತದೆ.

ಅತ್ತೆ: ಇದು ನನಗೆ ತಿಳಿದಿರಲಿಲ್ಲ. ಆದರೆ ಹೀಗೆ ಕಾರ್ಬ್ ಶುರುಮಾಡಿದ ಮೊದಲ ವಾರಗಳಲ್ಲೇ ತೂಕ ಜಿಗಿಯುತ್ತದೆ ಎಂದು ಹೇಳುತ್ತಾರಲ್ಲ, ಅದನ್ನು ನೋಡಿ ಅವಳಿಗೆ ಗಾಬರಿಯಾಗುವುದಿಲ್ಲವೇ?

ಅಕ್ಕ: ಆಗುತ್ತದೆ, ಅದಕ್ಕಾಗಿ ಮೊದಲೇ ಹೇಳಿರಬೇಕು. ಒಂದು ಗ್ರಾಂ ಗ್ಲೈಕೋಜನ್ ತನ್ನೊಂದಿಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಬರಿದಾಗಿದ್ದ ಲಿವರ್ ಮತ್ತು ಸ್ನಾಯುಗಳು ತುಂಬಿಕೊಂಡಾಗ ತಕ್ಕಡಿ ಬೇಗ ಏರುತ್ತದೆ, ಆ ಏರಿಕೆಯಲ್ಲಿ ಬಹುಪಾಲು ನೀರು ಮತ್ತು ಗ್ಲೈಕೋಜನ್. ಆಮೇಲೆ ನಿಜವಾದ ತೂಕವೂ ಹೆಚ್ಚಬೇಕಾಗಿದ್ದರೆ ಹೆಚ್ಚಲೇಬೇಕು, ಅದನ್ನು ನೀರೆಂದು ಹೇಳಿ ಸಮಾಧಾನಪಡಿಸುವುದು ಸರಿಯಲ್ಲ. ದಯವಿಟ್ಟು ಗುಂಪಿನಲ್ಲಿ ಯಾರೂ ಕಿಲೋ, ಕ್ಯಾಲೊರಿಗಳ ಅಂಕಿ ಬರೆಯಬೇಡಿ.

ಇನ್ನೊಂದು ಎಚ್ಚರಿಕೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಊಟವಿಲ್ಲದೆ ತೀವ್ರವಾಗಿ ಸೊರಗಿದವರಿಗೆ ಮನೆಯಲ್ಲೇ ಏಕಾಏಕಿ ತುಂಬಾ ಕಾರ್ಬೋಹೈಡ್ರೇಟ್ ತಿನ್ನಿಸುವುದು ಅಪಾಯ. ಇನ್ಸುಲಿನ್ ಏರಿದಾಗ ರಕ್ತದಲ್ಲಿರುವ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಒಮ್ಮೆಲೇ ಜೀವಕೋಶಗಳೊಳಗೆ ಸರಿದು, ಹೃದಯದ ಬಡಿತವೇ ಹದಗೆಡಬಹುದು. ಅಂಥವರಿಗೆ ಆಹಾರ ಏರಿಸುವುದು ವೈದ್ಯರ ಕಣ್ಗಾವಲಿನಲ್ಲಿ, ರಕ್ತಪರೀಕ್ಷೆಯೊಂದಿಗೆ. ನಾಡಿ ತೀರಾ ನಿಧಾನವಾಗಿದ್ದರೆ, ತಲೆ ಸುತ್ತಿ ಬೀಳುವಂತಿದ್ದರೆ, ಆ ಹಂತದಲ್ಲಿ ಓಡುವುದೇ ಸಲ್ಲದು. ಇವಳು ಆ ಹಂತವನ್ನು ದಾಟಿದ್ದಾಳೆ, ವೈದ್ಯರು ನೋಡಿಯೇ ಅನುಮತಿ ಕೊಟ್ಟಿದ್ದಾರೆ.

ಭಾವ: ಹಾಗಿದ್ದರೆ ಓಡಿ ಬಂದವಳಿಗೆ ಪ್ರೋಟೀನ್ ಪುಡಿ ಕೊಟ್ಟರೆ ಸಾಲದೇ? ಅದಕ್ಕೆ ಅವಳಿಗೆ ಭಯವೂ ಕಡಿಮೆ ಇರಬಹುದು.

ನಾನು: ಭಯ ಕಡಿಮೆ ಇರುವುದರಿಂದಲೇ ಅದು ಸಾಲದು, ಭಾವ. ಕಾಯಿಲೆಗೆ ಒಪ್ಪಿಗೆಯಾದ ಆಹಾರವನ್ನಷ್ಟೇ ತಿಂದುಕೊಂಡು ನಾನು ಬಹಳ ಕಾಲ ಗುಣವಾದಂತೆ ಕಾಣಿಸಿಕೊಳ್ಳಬಲ್ಲೆ. ಪ್ರೋಟೀನ್ ಸ್ನಾಯುವಿನ ದುರಸ್ತಿಗೆ ಬೇಕು, ಅದೂ ಇರುತ್ತದೆ, ಹಾಲಿನೊಂದಿಗೆ. ಆದರೆ ಖರ್ಚಾದ ಗ್ಲೈಕೋಜನ್ ತುಂಬಲು ಕಾರ್ಬೋಹೈಡ್ರೇಟೇ ಬೇಕು, ಮತ್ತು ಬ್ರೆಡ್ಡನ್ನು ಕಂಡರೆ ಹೆದರುವುದು ನಿಲ್ಲಬೇಕಾದರೆ ಬ್ರೆಡ್ಡನ್ನೇ ತಿನ್ನಬೇಕು.

ದೊಡ್ಡಪ್ಪ: ಸಂದೇಶವನ್ನು ಅಳಿಸಿದ್ದೇನೆ. ನಾನು ಎಲ್ಲವನ್ನೂ ಒಪ್ಪಿದೆನೆಂದು ಅಲ್ಲ. ಗುಂಪಿನಲ್ಲಿ ಏನು ಹಾಕಬೇಕೆಂದರೂ ಹತ್ತು ಸಲ ಯೋಚಿಸುವಂತಾಯಿತು ಎಂಬುದು ನನಗೆ ಈಗಲೂ ಕಷ್ಟವೇ. ಆದರೆ ಇದು ನಿನ್ನ ಕೈಯಲ್ಲಿದ್ದ ಹಣ್ಣನ್ನು ಕೆಳಗಿಡಿಸುವಂಥದ್ದಾದರೆ ಅದು ಇಲ್ಲಿರುವುದು ಬೇಡ. ನನ್ನ ಸಕ್ಕರೆಯ ವಿಷಯ ಹಾಗೆಯೇ ಉಳಿಯಿತು.

ಅಕ್ಕ: ಅದನ್ನು ನಿಮ್ಮ ಡಾಕ್ಟರ ಹತ್ತಿರವೇ ಕೇಳಿ ದೊಡ್ಡಪ್ಪ, ಮತ್ತು ಬೇಗ ಕೇಳಿ. ಇನ್ಸುಲಿನ್ ಅಥವಾ ಸಕ್ಕರೆಯನ್ನು ತೀರಾ ಇಳಿಸಬಲ್ಲ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರು ವ್ಯಾಯಾಮವಾದ ಮೇಲೆ ಗಂಟೆಗಟ್ಟಲೆ ತಿನ್ನದೆ ಇದ್ದರೆ ರಕ್ತದ ಸಕ್ಕರೆ ಕುಸಿದು ಬೆವರು, ನಡುಕ, ಎಚ್ಚರ ತಪ್ಪುವವರೆಗೂ ಹೋಗಬಹುದು. ಮಾತ್ರೆಯ ಚೀಟಿಯ ಫೋಟೋ ನನಗೆ ಪ್ರತ್ಯೇಕವಾಗಿ ಕಳುಹಿಸಿ.

ಅತ್ತೆ: ಮುಂದಿನ ವಾರ ನೀನು ನಮ್ಮ ಮನೆಗೆ ಬಂದಾಗ ನಾನು ಏನು ಮಾಡಬೇಕು, ಹೇಳು. ತಿನ್ನು ತಿನ್ನು ಎಂದು ಒತ್ತಾಯಿಸಲೇ, ಸುಮ್ಮನಿರಲೇ?

ನಾನು: ಒತ್ತಾಯ ಬೇಡ ಅತ್ತೆ, ಹೊಗಳಿಕೆಯೂ ಬೇಡ. ಚೆನ್ನಾಗಿ ಕಾಣುತ್ತಿದ್ದೀಯೆ, ಮೈ ತುಂಬಿಕೊಂಡಿದ್ದೀಯೆ ಎಂಬ ಮಾತುಗಳನ್ನು ದಯವಿಟ್ಟು ಆಡಬೇಡಿ, ಅವು ನನಗೆ ಬೇರೆಯೇ ಅರ್ಥದಲ್ಲಿ ಕೇಳಿಸುತ್ತವೆ. ನಾನು ಓಡಿ ಬರುವ ಹೊತ್ತಿಗೆ ಬ್ರೆಡ್, ಹಣ್ಣು, ಹಾಲು ಮೇಜಿನ ಮೇಲಿದ್ದರೆ ಸಾಕು, ಆಯ್ಕೆ ಮಾಡುವ ಕೆಲಸ ನನಗೆ ಉಳಿಯುವುದಿಲ್ಲ. ನೀವೂ ನಿಮ್ಮ ನಡಿಗೆ ಮುಗಿಸಿ ಬಂದು ಎಂದಿನಂತೆ ತಡ ಮಾಡದೆ ತಿಂಡಿಗೆ ಕುಳಿತುಕೊಳ್ಳಿ, ಬೇರೆ ಏನಾದರೂ ಮಾತಾಡೋಣ.