ಗೋ-ಕಾರ್ಟ್: ಕ್ಲಚ್ ಸುಡ್ತದೆ, ಮುಂದಿನ ಚಕ್ರ ಬಿಗಿಯಾಗ್ತದೆ. ತಪ್ಪು ಎಲ್ಲಿ?

ಪ್ರಶ್ನೆ – ಸುರತ್ಕಲ್‌ನಿಂದ

ನಾನು ಮತ್ತು ಮಗಳು ಸೇರಿ ಮೂರು ತಿಂಗಳಿನಿಂದ ಒಂದು ಗೋ-ಕಾರ್ಟ್ ಮಾಡ್ತಾ ಇದ್ದೇವೆ. ತೋಟದ ಪಂಪಿನಲ್ಲಿದ್ದ ಹೋಂಡಾ ಜಿಎಕ್ಸ್160 ಇಂಜಿನ್, ಅದಕ್ಕೆ ಸೆಂಟ್ರಿಫ್ಯೂಗಲ್ ಕ್ಲಚ್ (ಇಂಜಿನ್ ವೇಗ ಏರಿದಾಗ ತಾನಾಗಿ ಹಿಡಿಯುವಂಥದ್ದು). ನಾಲ್ಕೂ ಚಕ್ರ ಗುಜರಿಯಿಂದ ತಂದ ಹಳೆಯ ಚೇತಕ್ ಸ್ಕೂಟರಿನದ್ದು, ಟೈರ್ ಅಳತೆ 3.50-10. ಹಿಂದೆ 25 ಮಿ.ಮೀ. ಆಕ್ಸಲ್, ಎರಡು ಯುಸಿಪಿ205 ಬೇರಿಂಗ್ (ಫ್ರೇಮಿಗೆ ಬೋಲ್ಟ್ ಹಾಕುವ ಗೂಡಿನೊಳಗೆ ಬರುವಂಥದ್ದು).

ಮನೆಯ ಹತ್ತಿರದ ಪದವಿನಲ್ಲಿ (ಗುಡ್ಡದ ಮೇಲಿನ ಬಯಲು) ಓಡಿಸಿ ನೋಡಿದೆವು. ಸಮತಟ್ಟಿನಲ್ಲಿ ಹೇಗೋ ಹೋಗ್ತದೆ, ಆದರೆ ಸಣ್ಣ ಚಡಾವು ಬಂದರೆ ಸಾಕು, ಇಂಜಿನ್ ಕೂಗ್ತದೆ, ಗಾಡಿ ನಿಲ್ತದೆ, ಕ್ಲಚ್ಚಿನಿಂದ ಹೊಗೆ. ಎರಡನೇ ಕ್ಲಚ್ಚೂ ನೀಲಿಯಾಯಿತು. ಇಂಜಿನ್ನಿನಲ್ಲಿ ಶಕ್ತಿ ಇಲ್ಲವೋ ಅಂತ ಕಾರ್ಬುರೇಟರ್ ತೊಳೆದೆ, ಪ್ಲಗ್ ಬದಲಿಸಿದೆ, ಏನೂ ವ್ಯತ್ಯಾಸ ಇಲ್ಲ. ಇನ್ನೊಂದು ತೊಂದರೆ ಎಂದರೆ ಮುಂದಿನ ಚಕ್ರದ ನಟ್ ಬಿಗಿ ಮಾಡಿದರೆ ಚಕ್ರ ತಿರುಗುವುದೇ ಇಲ್ಲ, ಸಡಿಲ ಬಿಟ್ಟರೆ ಅಲ್ಲಾಡ್ತದೆ. ದೊಡ್ಡ ಇಂಜಿನ್ ಹಾಕಬೇಕಾ?

ಉತ್ತರ – ಬೈಕಂಪಾಡಿಯಿಂದ

ಇಂಜಿನ್ನಿಗೆ ಕೈ ಹಾಕಬೇಡಿ, ಅದು ಸರಿ ಉಂಟು. ಮೂರು ಲೆಕ್ಕ ಕೊಡಿ. ಕ್ಲಚ್ಚಿನ ಸ್ಪ್ರಾಕೆಟಿಗೆ (ಚೈನ್ ಕೂರುವ ಹಲ್ಲಿನ ಚಕ್ರ) ಎಷ್ಟು ಹಲ್ಲು, ಆಕ್ಸಲ್ಲಿನದ್ದಕ್ಕೆ ಎಷ್ಟು? ನೀವು ಕೂತಾಗ ಚಕ್ರ ಒಂದು ಸುತ್ತಿಗೆ ಎಷ್ಟು ದೂರ ಹೋಗ್ತದೆ? ಗಾಡಿ ಮತ್ತು ನೀವು ಸೇರಿ ತೂಕ ಎಷ್ಟು?

ಸುತ್ತನ್ನು ಟೇಪ್ ಸುತ್ತಿ ಅಳೆಯಬೇಡಿ. ಟೈರಿಗೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ, ನೀವು ಸೀಟಿನಲ್ಲಿ ಕೂತು ಯಾರಾದರೂ ದೂಡಲಿ. ನೆಲದ ಮೇಲೆ ಬಿದ್ದ ಎರಡು ಗುರುತಿನ ನಡುವಿನ ದೂರವೇ ನಿಜವಾದ ಸುತ್ತು.

ಪ್ರಶ್ನೆ ಕೇಳಿದವರು

ಕ್ಲಚ್ 12, ಆಕ್ಸಲ್ 36. ಮಗಳು ದೂಡಿದಳು, 1.33 ಮೀಟರ್ ಬಂತು. ಗಾಡಿ 95 ಕೆ.ಜಿ., ನಾನು 65.

ಉತ್ತರ – ಬೈಕಂಪಾಡಿಯಿಂದ

ಅಲ್ಲೇ ಉಂಟು ನೋಡಿ ತೊಂದರೆ. 36 ಭಾಗ 12 ಅಂದರೆ 3ರ ಅನುಪಾತ, ಇಂಜಿನ್ ಮೂರು ಸುತ್ತಿಗೆ ಆಕ್ಸಲ್ ಒಂದು ಸುತ್ತು. ಜಿಎಕ್ಸ್160ರ ಗವರ್ನರ್ (ಇಂಜಿನ್ ವೇಗ ಮಿತಿ ಮೀರದಂತೆ ತಡೆಯುವ ಭಾಗ) 3600 ಆರ್‌ಪಿಎಂ ಹತ್ತಿರ ಹಿಡಿಯುತ್ತದೆ. 3600ನ್ನು 3ರಿಂದ ಭಾಗಿಸಿದರೆ ಆಕ್ಸಲ್ ನಿಮಿಷಕ್ಕೆ 1200 ಸುತ್ತು, 1.33ರಿಂದ ಗುಣಿಸಿದರೆ 1596 ಮೀಟರ್, ಅಂದರೆ ಗಂಟೆಗೆ 95 ಕಿ.ಮೀ. ದಾಟಿತು. ಐದು ಅಶ್ವಶಕ್ತಿಯೂ ಇಲ್ಲದ ಪಂಪ್ ಇಂಜಿನ್ ಆ ವೇಗಕ್ಕೆ ಯಾವತ್ತೂ ಹೋಗುವುದಿಲ್ಲ.

ಆದರೆ ಕ್ಲಚ್ಚನ್ನು ಕೊಲ್ಲುವುದು ಮೇಲಿನ ವೇಗ ಅಲ್ಲ, ಕೆಳಗಿನದ್ದು. ಸೆಂಟ್ರಿಫ್ಯೂಗಲ್ ಕ್ಲಚ್ಚಿನ ಶೂ ಡ್ರಮ್ಮನ್ನು ಹಿಡಿಯುವುದು ಸುಮಾರು 2000 ಆರ್‌ಪಿಎಂನಲ್ಲಿ. ನಿಮ್ಮ ಗಾಡಿಯಲ್ಲಿ 2000 ಅಂದರೆ ಗಂಟೆಗೆ 53 ಕಿ.ಮೀ. ಅದಕ್ಕಿಂತ ನಿಧಾನ ಹೋಗುವಷ್ಟು ಹೊತ್ತೂ ಶೂ ಡ್ರಮ್ಮಿನೊಳಗೆ ಉಜ್ಜುತ್ತಲೇ ಇರುತ್ತದೆ. ನೀವು 53 ಮುಟ್ಟಿದ್ದೇ ಇಲ್ಲ, ಹಾಗಾಗಿ ಕ್ಲಚ್ ಒಂದು ದಿನವೂ ಪೂರ್ತಿ ಹಿಡಿದಿಲ್ಲ.

ಚಡಾವಿನ ಲೆಕ್ಕವೂ ನೋಡಿ. ಈ ಇಂಜಿನ್ನಿನ ಗರಿಷ್ಠ ಟಾರ್ಕ್ (ತಿರುಗಿಸುವ ಬಲ) 2500 ಆರ್‌ಪಿಎಂನಲ್ಲಿ 10.3 ನ್ಯೂಟನ್ ಮೀಟರ್. 3ರಿಂದ ಗುಣಿಸಿ, ಚಕ್ರದ ತ್ರಿಜ್ಯ 0.21 ಮೀಟರಿನಿಂದ ಭಾಗಿಸಿದರೆ 147 ನ್ಯೂಟನ್, ಹೆಚ್ಚುಕಡಿಮೆ 15 ಕೆ.ಜಿ. ದೂಡಿದಷ್ಟು ಬಲ. ಹತ್ತು ಅಡಿಗೆ ಒಂದು ಅಡಿ ಏರುವ ಚಡಾವಿನಲ್ಲಿ 160 ಕೆ.ಜಿ. ಗಾಡಿಯನ್ನು ಹಿಡಿದು ನಿಲ್ಲಿಸಲಿಕ್ಕೇ 16 ಕೆ.ಜಿ. ಬೇಕು. ಮತ್ತೆ ಹೇಗೆ ಏರುತ್ತದೆ ಮಾರಾಯ್ರೆ?

ನಿಮಗೆ 9ರ ಅನುಪಾತ ಬೇಕು. ಒಂದೇ ಚೈನಿನಲ್ಲಿ ಆಗ್ತದಾ ಅಂತ ಕೇಳಬಹುದು. 12ಕ್ಕೆ 108 ಹಲ್ಲು ಬೇಕು. ಬೈಕ್ ಚೈನಿನ 12.7 ಮಿ.ಮೀ. ಪಿಚ್ಚಿನಲ್ಲಿ (ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಇರುವ ದೂರ) ಅದರ ವ್ಯಾಸ ಸುಮಾರು 437 ಮಿ.ಮೀ. ನಿಮ್ಮ ಚಕ್ರವೇ 430ರ ಹತ್ತಿರ! ಸ್ಪ್ರಾಕೆಟ್ ನೆಲ ಉಜ್ಜುತ್ತದೆ.

ಹಾಗಾಗಿ ಕ್ಲಚ್ಚಿಗೂ ಆಕ್ಸಲ್ಲಿಗೂ ನಡುವೆ ಒಂದು ಜಾಕ್ ಶಾಫ್ಟ್, ಅಂದರೆ ಎರಡು ಸ್ಪ್ರಾಕೆಟ್ ಇರುವ ಇನ್ನೊಂದು ಶಾಫ್ಟ್ ಹಾಕಿ. ಈಗಿರುವ 36ನ್ನು ಬಿಸಾಡಬೇಡಿ, ಅದನ್ನೇ ಜಾಕ್ ಶಾಫ್ಟಿಗೆ ಹಾಕಿ. ಅದೇ ಶಾಫ್ಟಿನ ಇನ್ನೊಂದು ಬದಿಗೆ 14 ಹಲ್ಲಿನದ್ದು, ಆಕ್ಸಲ್ಲಿಗೆ 42. 3 ಸಲ 3 ಒಂಬತ್ತು. ಮೇಲಿನ ವೇಗ 32 ಕಿ.ಮೀ., ಕ್ಲಚ್ ಹಿಡಿಯುವುದು 18ರ ಒಳಗೆ, ದೂಡುವ ಬಲ 45 ಕೆ.ಜಿ. ಚೈನಿನ ಘರ್ಷಣೆಗೆ ಸ್ವಲ್ಪ ಹೋದರೂ ಚಡಾವಿಗೆ ಧಾರಾಳ ಸಾಕು. 14 ಮತ್ತು 42 ಬೈಕಿನ 428 ಚೈನಿನದ್ದು ಸಿಗ್ತದೆ. 420 ಚೈನಿನ ಪಿಚ್ಚೂ ಅದೇ 12.7, ಆದರೆ ಅಗಲ ಕಡಿಮೆ, 428ರ ಹಲ್ಲು ಅದರೊಳಗೆ ಕೂರುವುದಿಲ್ಲ. ಅಂಗಡಿಯಲ್ಲಿ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿಯೇ ತನ್ನಿ.

ವೇಗ ಸಾಲದು ಅಂತ ಗವರ್ನರಿನ ಸ್ಪ್ರಿಂಗ್ ಮಾತ್ರ ಮುಟ್ಟಬೇಡಿ. ಇದು ಕೈಮುಗಿದು ಹೇಳುವ ಮಾತು. ಆ ಕನೆಕ್ಟಿಂಗ್ ರಾಡ್, ಆ ಫ್ಲೈವೀಲ್ ಪಂಪಿನ ವೇಗಕ್ಕೆ ಮಾಡಿದ್ದು. ಅದು ಒಡೆದರೆ ಚೂರು ಬರುವುದು ಸೀಟಿನ ಕಡೆಗೇ.

ಉತ್ತರ – ಮಣಿಪಾಲದಿಂದ

ಸಣ್ಣ ಚಕ್ರ ಹಾಕಿದರೆ ಜಾಕ್ ಶಾಫ್ಟ್ ಬೇಡ. 5 ಇಂಚಿನ ರಿಮ್ಮಿನ ಕಾರ್ಟ್ ಟೈರ್, 11×7.10-5, ಸುತ್ತು 0.88 ಮೀಟರ್. ಅದಕ್ಕೆ 6ರ ಅನುಪಾತ ಕೊಟ್ಟರೆ ಅದೇ 32 ಕಿ.ಮೀ. ಬರುತ್ತದೆ. ಸಣ್ಣ ಪಿಚ್ಚಿನ 35 ನಂಬರ್ ಚೈನಿನಲ್ಲಿ 72 ಹಲ್ಲು ಹಾಕಿದರೆ 218 ಮಿ.ಮೀ. ವ್ಯಾಸ, ನೆಲಕ್ಕೆ ತಾಗುವುದಿಲ್ಲ.

ಉತ್ತರ – ಬೈಕಂಪಾಡಿಯಿಂದ

ಲೆಕ್ಕ ಸರಿ. ಕಾಂಕ್ರೀಟ್ ನೆಲದಲ್ಲಿ ಓಡಿಸುವುದಾದರೆ ನಾನೂ ಅದನ್ನೇ ಹೇಳ್ತಿದ್ದೆ. ಇವರು ಓಡಿಸುವುದು ಮುರಕಲ್ಲಿನ ಪದವಿನಲ್ಲಿ. ಸ್ಪ್ರಾಕೆಟಿಗೂ ನೆಲಕ್ಕೂ ಮೂರು ಸೆಂಟಿಮೀಟರ್ ಕೂಡ ಇಲ್ಲದಿದ್ದರೆ ಒಂದು ಕಲ್ಲು ಸಾಕು. ಸ್ಕೂಟರ್ ಚಕ್ರವೇ ಇರಲಿ.

ಚೇತಕ್ ರಿಮ್ ಎರಡು ಹೋಳು ಸೇರಿಸಿ ನಟ್ ಹಾಕಿದ್ದು. ಟ್ಯೂಬಿನ ಗಾಳಿ ಪೂರ್ತಿ ಬಿಟ್ಟ ಮೇಲೆಯೇ ಆ ನಟ್ ಬಿಚ್ಚಿ.

ಉತ್ತರ – ಕಟಪಾಡಿಯಿಂದ

ಮುಂದಿನ ಚಕ್ರದ ಬಗ್ಗೆ ಯಾರೂ ಹೇಳಲಿಲ್ಲ. ಹಬ್ಬಿನೊಳಗೆ (ಚಕ್ರದ ನಡುಭಾಗ) ಎರಡು ಬೇರಿಂಗ್ ನಡುವೆ ಸ್ಪೇಸರ್, ಅಂದರೆ ಅಂತರ ಕಾಯುವ ಪೈಪ್ ತುಂಡು ಉಂಟಾ? ಒಂದು ಬೇರಿಂಗ್ ತೆಗೆದು ಟಾರ್ಚ್ ಬಿಟ್ಟು ನೋಡಿ.

ಪ್ರಶ್ನೆ ಕೇಳಿದವರು

ನೋಡಿದೆ. ಸ್ಟಬ್ ಆಕ್ಸಲ್ (ಮುಂದಿನ ಚಕ್ರ ಕೂರುವ ಗಿಡ್ಡ ಶಾಫ್ಟ್) 15 ಮಿ.ಮೀ., 6202 ಬೇರಿಂಗ್ ಎರಡು. ನಡುವೆ ಏನೂ ಇಲ್ಲ, ಖಾಲಿ ಪೈಪ್. ಒಂದು ಬೇರಿಂಗಿನ ಒಳ ರಿಂಗ್ ಕಂದು ಬಣ್ಣಕ್ಕೆ ತಿರುಗಿದೆ, ಬೆರಳಿನಲ್ಲಿ ತಿರುಗಿಸಿದರೆ ಮರಳು ಸಿಕ್ಕಿದ ಹಾಗೆ ಕರಕರ ಅನ್ನುತ್ತದೆ.

ಉತ್ತರ – ಕಟಪಾಡಿಯಿಂದ

ಅದೇ. ನಟ್ ಬಿಗಿ ಮಾಡಿದಾಗ ಎರಡೂ ಒಳ ರಿಂಗ್ ಒಂದರ ಕಡೆಗೊಂದು ಬರ್ತದೆ, ಹೊರ ರಿಂಗ್ ಹಬ್ಬಿನ ಮೆಟ್ಟಿಲಿಗೆ ತಾಗಿ ಅಲ್ಲೇ ನಿಲ್ತದೆ. ಗುಂಡುಗಳು ಅಡ್ಡಕ್ಕೆ ಒತ್ತಿ ಸಿಕ್ಕಿಕೊಳ್ತವೆ. ಒಳ ರಿಂಗುಗಳ ನಡುವೆ ಗಟ್ಟಿ ಪೈಪಿನ ಸ್ಪೇಸರ್ ಕೂರಬೇಕು, ಅದರ ಉದ್ದ ಹಬ್ಬಿನ ಎರಡು ಮೆಟ್ಟಿಲುಗಳ ನಡುವಿನ ದೂರಕ್ಕೆ ಸರಿಸಮ. ಕೂದಲೆಳೆಯಷ್ಟು ಉದ್ದ ಇದ್ದರೆ ಪರವಾಗಿಲ್ಲ, ಗಿಡ್ಡ ಆಗಲೇಬಾರದು. ಸರಿಯಾಗಿ ಕೂತರೆ ನಟ್ ಎಷ್ಟು ಬಿಗಿ ಮಾಡಿದರೂ ಚಕ್ರ ಹಗುರಾಗಿ ತಿರುಗುತ್ತದೆ.

ಹೇಗೂ ಲೇತಿಗೆ ಹೋಗ್ತೀರಲ್ಲ, 15ರ ಸ್ಟಬ್ ಬದಲು 20 ಮಿ.ಮೀ. ಮಾಡಿಸಿ, 6204 ಬೇರಿಂಗ್ ಹಾಕಿ. ಬೈಕಿನ ಆಕ್ಸಲ್ಲಿಗೆ ಎರಡೂ ಕಡೆ ಆಧಾರ ಉಂಟು. ನಿಮ್ಮದು ಒಂದೇ ಕಡೆಯಿಂದ ಚಾಚಿ ನಿಂತದ್ದು. ತಿರುವಿನಲ್ಲಿ ಬೈಕ್ ವಾಲುತ್ತದೆ, ಕಾರ್ಟ್ ವಾಲುವುದಿಲ್ಲ, ಅಡ್ಡ ಒತ್ತಡವೆಲ್ಲ 21 ಸೆಂ.ಮೀ. ಸನ್ನೆಯಾಗಿ ಸ್ಟಬ್ಬಿನ ಬುಡಕ್ಕೆ ಬೀಳ್ತದೆ. ಬೇರಿಂಗ್ ಎರಡೂ ಬದಿ ರಬ್ಬರ್ ಸೀಲ್ ಇರುವುದನ್ನೇ ತನ್ನಿ. ನಮ್ಮ ಉಪ್ಪುಗಾಳಿ, ಕೆಂಪುಮಣ್ಣಿಗೆ ತೆರೆದ ಬೇರಿಂಗ್ ಒಂದು ಮಳೆಗಾಲ ಬಾಳುವುದಿಲ್ಲ.

ಬ್ರೇಕ್ ಎಲ್ಲಿ ಹಾಕಿದ್ದೀರಿ? ಜಾಕ್ ಶಾಫ್ಟಿಗೆ ಹಾಕಬೇಡಿ. ಚೈನ್ ತುಂಡಾದ ದಿನ ಬ್ರೇಕೂ ಹೋಗ್ತದೆ. ಹಿಂದಿನ ಆಕ್ಸಲ್ಲಿಗೇ ಇರಲಿ.

ಪ್ರಶ್ನೆ ಕೇಳಿದವರು – ಎರಡು ವಾರದ ನಂತರ

ಎಲ್ಲ ಮಾಡಿಸಿದೆ. ಹಬ್ಬಿನೊಳಗೆ 42 ಮಿ.ಮೀ. ಇತ್ತು, ಮೊದಲ ಸಲ ಸ್ಪೇಸರ್ 41 ಆಗಿ ಬಂತು, ಮತ್ತೆ ಚಕ್ರ ಬಿಗಿ. ಹೊಸದು ಮಾಡಿಸಿ ಹಾಕಿದ ಮೇಲೆ ಕೈಯಲ್ಲಿ ಒಮ್ಮೆ ತಿರುಗಿಸಿದರೆ ನಾನು ಬಾವಿಕಟ್ಟೆಗೆ ಹೋಗಿ ಕೈ ತೊಳೆದು ಬರುವವರೆಗೂ ತಿರುಗ್ತಾ ಇತ್ತು!

ಚಡಾವು ಏರಿತು, ಅರ್ಧದಲ್ಲಿ ನಿಲ್ಲಿಸಿ ಮತ್ತೆ ಹೊರಟರೂ ಏರಿತು. ಫೋನಿನಲ್ಲಿ ನೋಡಿದರೆ 30 ಕಿ.ಮೀ. ಹತ್ತು ಸುತ್ತಿನ ನಂತರ ಕ್ಲಚ್ ಬಿಸಿ ಇತ್ತು, ಹೊಗೆ ಇಲ್ಲ, ವಾಸನೆ ಇಲ್ಲ. ಆದರೆ ಎರಡನೇ ಚೈನ್ ಎರಡು ಸಲ ಕಳಚಿತು.

ಉತ್ತರ – ಬೈಕಂಪಾಡಿಯಿಂದ

ಬಹಳ ಸಂತೋಷ. 14ರ ಮುಖಕ್ಕೂ 42ರ ಮುಖಕ್ಕೂ ಒಂದು ನೇರ ಪಟ್ಟಿ ಇಟ್ಟು ನೋಡಿ. ಆಕ್ಸಲ್ ಪಕ್ಕಕ್ಕೆ ಜಾರಿರಬಹುದು. ಯುಸಿಪಿ ಬೇರಿಂಗ್ ಶಾಫ್ಟನ್ನು ಹಿಡಿಯುವುದು ಎರಡು ಸಣ್ಣ ಗ್ರಬ್ ಸ್ಕ್ರೂಗಳಿಂದ, ನುಣುಪು ಶಾಫ್ಟಿನಲ್ಲಿ ಅದು ಜಾರುತ್ತದೆ. ಸ್ಕ್ರೂ ಕೂರುವ ಜಾಗದಲ್ಲಿ ಡ್ರಿಲ್ಲಿನ ತುದಿಯಿಂದ ಚಿಕ್ಕ ಗುಳಿ ಮಾಡಿ ಬಿಗಿ ಮಾಡಿ. ಚೈನಿನ ನಡುವೆ ಒತ್ತಿದರೆ 10ರಿಂದ 15 ಮಿ.ಮೀ. ಸಡಿಲ ಇರಲಿ.

ಪ್ರಶ್ನೆ ಕೇಳಿದವರು

ಆಕ್ಸಲ್ 6 ಮಿ.ಮೀ. ಎಡಕ್ಕೆ ಹೋಗಿತ್ತು. ಗುಳಿ ಮಾಡಿ ಬಿಗಿ ಮಾಡಿದೆ, ನಿನ್ನೆ ಸಂಜೆಯಿಂದ ಚೈನ್ ಕಳಚಲಿಲ್ಲ. ಈವರೆಗೆ ನಾನೊಬ್ಬನೇ ಓಡಿಸಿದ್ದು. ಎರಡೂ ಚೈನ್ ಸೀಟಿನ ಹಿಂದೆಯೇ ತಿರುಗುವುದು, ಮಗಳಿಗೆ ಉದ್ದ ಜಡೆ. ಚೈನ್ ಮುಚ್ಚಲಿಕ್ಕೆ ಜಿಐ ಶೀಟ್ ಕತ್ತರಿಸ್ತಾ ಇದ್ದೇನೆ, ಅದು ಕೂತ ಮೇಲೆ ಅವಳ ಸರದಿ.