ಅಪ್‌ಡೇಟ್: ಅರ್ಧಕ್ಕೆ ನಿಂತಿದ್ದ ಕಥೆಗೆ ದಾರಿ ಸಿಕ್ಕಿತು

ನಾನು ಬರೆಯುತ್ತಿರುವ ಸಣ್ಣಕಥೆಯಲ್ಲಿ ಕಾಣೆಯಾದ ಅಣ್ಣನ ಹೆಸರಲ್ಲಿ ತಂಗಿಗೆ ಕಾಗದ ಬರುತ್ತದೆ, ಮುಂದೇನು ಅಂತ ಹೊಳೆಯುತ್ತಿಲ್ಲ ಎಂದು ಕೇಳಿದ್ದೆನಲ್ಲ, ಅದರ ಅಪ್‌ಡೇಟ್ ಇದು.

ಕೆಲಸಕ್ಕೆ ಬಂದಿದ್ದು ಚೀಟಿ ಉಪಾಯ. ಒಂದು ಚೀಟಿಗೆ ಒಂದೇ ದೃಶ್ಯ, ಅದೂ ಒಂದೇ ಸಾಲಿನಲ್ಲಿ. ಎರಡು ಚೀಟಿಗಳ ನಡುವೆ ‘ಆಮೇಲೆ’ ಮಾತ್ರ ಹೊಂದಿದರೆ ಕೊಂಡಿ ಸಡಿಲ. ‘ಆದ್ದರಿಂದ’ ಅಥವಾ ‘ಆದರೆ’ ಕೂತರೆ ಗಟ್ಟಿ. ಮೊದಲು ತಂಗಿ ಕಾಗದ ಓದುತ್ತಾಳೆ, ಆಮೇಲೆ ಊರಿಗೆ ಹೋಗುತ್ತಾಳೆ ಎಂದಿತ್ತು. ಈಗ ಕೈಬರಹ ಅಣ್ಣನದಲ್ಲ, ಆದ್ದರಿಂದ ಬರೆದವರನ್ನು ಹುಡುಕಲು ಹೊರಡುತ್ತಾಳೆ. ಆದರೆ ಅಮ್ಮ ತಡೆಯುತ್ತಾಳೆ. ಯಾಕೆ ತಡೆದಳು ಎಂದು ಕೇಳಿಕೊಂಡಾಗಲೇ ಕಥೆಯ ಕೊನೆ ಸಿಕ್ಕಿತು. ಯಾರ ಕೈಯಲ್ಲೋ ಕಾಗದ ಬರೆಸುತ್ತಿದ್ದವಳು ಅಮ್ಮನೇ! ಇದು ನನ್ನ ತಲೆಯಲ್ಲಿ ಇರಲೇ ಇಲ್ಲ.

ಪಾತ್ರದ ಇಷ್ಟದ ಬಣ್ಣ, ಹುಟ್ಟಿದ ದಿನ ಎಲ್ಲ ತುಂಬಿಸುವ ಪಟ್ಟಿ ಉಪಯೋಗಕ್ಕೆ ಬರಲಿಲ್ಲ. ಸುಮ್ನೆ ಪುಟ ತುಂಬಿತು ಅಷ್ಟೇ. ತಂಗಿಗೆ ಏನು ಬೇಕು, ಏನು ಅಡ್ಡ ಬರುತ್ತದೆ, ಇವೆರಡೇ ಸಾಕಾಯಿತು. ಕಾದಂಬರಿಗಾದರೆ ಪಟ್ಟಿ ಬೇಕಾಗಬಹುದೇನೋ, ನನ್ನದು ಸಣ್ಣಕಥೆ. ಮೈಂಡ್ ಮ್ಯಾಪ್ (ನಡುವೆ ಒಂದು ವಿಷಯ ಬರೆದು ಸುತ್ತ ಕವಲು ಎಳೆಯುವ ಚಿತ್ರ) ಐಡಿಯಾ ಹುಟ್ಟಿಸಲು ಚೆನ್ನ, ಆದರೆ ಘಟನೆಗಳ ಕ್ರಮ ಅದರಲ್ಲಿ ಕಾಣುವುದಿಲ್ಲ ಅಲ್ವಾ.

ಚೀಟಿ ಸೂಚಿಸಿದವರಿಗೆ ಥ್ಯಾಂಕ್ಸ್. ಮೊದಲ ಕರಡು ಮುಗಿದಿದೆ. ನಡುವಿನ ಭಾಗ ಮಾತ್ರ ಜಾಸ್ತಿ ಉದ್ದವಾಗಿದೆ, ಕತ್ತರಿಸಬೇಕು.